ಸುಪಾ, ಪಿಯಾನೋಗಾಗಿ

ಮಧುಮತಿಯ ಬಲಗೈಯ ಉಂಗುರ ಬೆರಳು ಮತ್ತೆ ಮಡಚಿ ನಿಂತಿತು. ಎಡಗೈಯಿಂದ ಹಿಡಿದೆಳೆದಾಗ ಟಕ್ಕನೆ ಬಿಚ್ಚಿಕೊಂಡಿತು. ಪಿಯಾನೋದ ಮೇಲಿನ ಸ್ವರಲಿಪಿಯ ಹಾಳೆ ತಿರುವಲು ಪಕ್ಕದಲ್ಲಿ ನಿಂತಿದ್ದ ಶಿಷ್ಯೆ ಸಹನಾ ಮುಖ ಆಚೆ ತಿರುಗಿಸಿದಳು.

"ಭಾನುವಾರ ನೀನ ಬಾರಿಸು" ಎಂದಳು ಮಧುಮತಿ.

"ಬ್ಯಾಡ್ರಿ ಟೀಚರ್. ಜನ ನಿಮ್ಮನ್ನ ಕೇಳಾಕ ಬರ್ತಾರ."

"ನಾ ಬರದದ್ದು ಕೇಳಲಿ. ಈ ಕೈ ಕಟಗೊಂಡು ಅವರಿಗೆ ಏನಾಗಬೇಕಾಗೇತಿ?"

ಅವಳ ದನಿಯಲ್ಲಿ ಸಿಟ್ಟಾಗುವಷ್ಟೂ ಕಸುವಿರಲಿಲ್ಲ.

ಕಾಗದ ಕಾರ್ಖಾನೆಯ ಕೆಲಸಗಾರ ಮಲಕಪ್ಪನ ಮಗಳು ಅವಳು. ಗೋವಾದಲ್ಲಿ ಪಿಯಾನೋ ಕಲಿತು, ಮುಂಬಯಿ, ಪುಣೆಗಳಲ್ಲಿ ಬೇರೆಯವರ ರಚನೆಗಳನ್ನು ನುಡಿಸಿ, ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆಯ ಊರಾದ ಬಂಗೂರನಗರಕ್ಕೆ ಮರಳಿದ್ದಳು. ಅಂದಿನಿಂದ ಮಕ್ಕಳಿಗೆ ಪಿಯಾನೋ ಪರೀಕ್ಷೆಯ ಪಾಠ. ಮಕ್ಕಳು ಬದಲಾದರೂ ತಪ್ಪುಗಳು ಮಾತ್ರ ಅವೇ. ಅವರೆಲ್ಲ ಹೋದ ಮೇಲೆ ಮೈಯಲ್ಲಿ ಉಳಿದಷ್ಟು ಚೈತನ್ಯದಲ್ಲಿ ಬರೆದದ್ದು ಭಾನುವಾರ ನುಡಿಸಬೇಕಿದ್ದ ಈ ಕೃತಿ. ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ಸುಪಾ, ಅವ್ವ ಗೋದುಬಾಯಿಯ ತವರು. ಕೃತಿಗೂ ಅದೇ ಹೆಸರು. ತನ್ನದೇ ರಚನೆಯೊಂದು ತನ್ನೂರಿನ ಸಭೆಯಲ್ಲಿ ಕೇಳಿಸುವುದು ಇದೇ ಮೊದಲು.

ಭಾನುವಾರ ಸಂಜೆ ಕಾಲೇಜಿನ ಸಭಾಂಗಣ ಅರ್ಧ ತುಂಬಿತ್ತು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಧುಮತಿ ಮೂರನೆಯ ಸಾಲಿನಲ್ಲಿ ಕೂತಳು.

ಸಹನಾ ಶುರುವಿನಲ್ಲೇ ಲಯ ನಿಧಾನ ಮಾಡಿದಳು. ಮಧುಮತಿ ಹಲ್ಲು ಕಚ್ಚಿದಳು. ಹೀಗಲ್ಲ, ನಾನು ಬರೆದದ್ದು ಹೀಗಲ್ಲ. ಎದ್ದು ಹೋಗಿ ನಿಲ್ಲಿಸಿಬಿಡಬೇಕು ಅನ್ನಿಸಿತು. ಏಳುವ ತ್ರಾಣವಿರಲಿಲ್ಲ. ಹಾಗೇ ಕೂತು ಕೇಳುತ್ತ ಹೋದಂತೆ, ತಾನು ನುಡಿಸುವಾಗ ಮುಂದಿನ ಸ್ವರದ ಚಿಂತೆಯಲ್ಲಿ ದಾಟಿಬಿಡುತ್ತಿದ್ದ ಜಾಗಗಳೆಲ್ಲ ಒಂದೊಂದಾಗಿ ಕಿವಿಗೆ ಬಿದ್ದವು. ಕಚ್ಚಿದ ಹಲ್ಲು ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯಲಿಲ್ಲ.

"ಇದು ನೀ ದಿನಾ ಮನ್ಯಾಗ ಬಾರಸ್ತಿದ್ದೆಲ್ಲ, ಅದ ಏನು?" ಗೋದುಬಾಯಿ ಅವಳ ಕಿವಿಯ ಬಳಿ ಬಾಗಿ ಕೇಳಿದಳು.

"ಹೂಂ, ಅದನ."

"ಹಂಗ ಅನಸವಲ್ದು."

ನೀರು ಏರುವ ಭಾಗ ಬಂದಿತ್ತು. ಎಡಗೈಯ ತಗ್ಗಿನ ಸ್ವರಗಳು ಸದ್ದಿಲ್ಲದೆ ಸೇರಿಕೊಂಡು, ಬಲಗೈಯ ಪುಟ್ಟ ರಾಗವನ್ನು ಸುತ್ತುವರಿದು ಮೇಲೇರತೊಡಗಿದವು. ಸಹನಾ ಅವಸರಿಸಲಿಲ್ಲ.

"ಇನ್ನೂ ಐತೇನು?" ಗೋದುಬಾಯಿಯ ದನಿ ಸಣ್ಣದಾಗಿತ್ತು.

"ಐತಿ, ಅವ್ವಾ."

ಗೋದುಬಾಯಿ ವೇದಿಕೆಯಿಂದ ಕಣ್ಣು ಕೀಳದೆ ಚಪ್ಪಲಿ ಕಳಚಿದಳು. ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಒಟ್ಟುಮಾಡಿ, ಎರಡೂ ಕಾಲುಗಳನ್ನು ನೆಲದಿಂದ ಮೇಲೆತ್ತಿ ಕುರ್ಚಿಯ ಮೇಲೆ ಎಳೆದುಕೊಂಡಳು.