ಪಂಪಿನ ಮೇಲಿನ ಹೆಬ್ಬೆರಳು

ಎರಕದ ಅಚ್ಚಿನ ಮರಳಿಗೆ ಹೆಬ್ಬೆರಳು ಒತ್ತಿದ್ದಕ್ಕೆ ಭದ್ರಮ್ಮನನ್ನು ಅಚ್ಚಿನ ಕೆಲಸದಿಂದ ತೆಗೆದು ಕಸ ಗುಡಿಸಲು ಹಾಕಿದರು.

ಎಪ್ಪತ್ತರ ದಶಕದ ಕೊನೆಯ ಮಾತು. ಪೀಣ್ಯದ ಆ ಫೌಂಡ್ರಿಯಲ್ಲಿ ನೌಕಾಪಡೆಯ ಹಡಗುಗಳಿಗೆ ಪಂಪಿನ ಕವಚ ಎರಕ ಹೊಯ್ಯುತ್ತಿದ್ದರು. ಫೌಂಡ್ರಿ ನಿಂತಿದ್ದೇ ಭದ್ರಮ್ಮನ ಮನೆಯವರ ರಾಗಿ ಹೊಲದ ಮೇಲೆ. ಹೊಲ ಹೋದ ಮೇಲೆ ಅದೇ ನೆಲದಲ್ಲಿ ಕೂಲಿಗೆ ನಿಂತವಳು ಅಚ್ಚು ಕಟ್ಟುವುದರಲ್ಲಿ ಗಂಡಸರನ್ನೂ ಹಿಂದೆ ಹಾಕಿದಳು. ಅವಳ ಊರಿನ ಹೆಂಗಸರು ಬೆರಣಿ ತಟ್ಟಿ ಒಂದೇ ಬಂಡೆಯ ಮೇಲೆ ಒಣಗಿಸುತ್ತಿದ್ದರು; ಯಾವುದು ಯಾರದೆಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಬೆರಳಿನ ಗುರುತು ಒತ್ತುತ್ತಿದ್ದರು. ಆ ರೂಢಿಯಲ್ಲೇ ಭದ್ರಮ್ಮ ಅಚ್ಚು ಮುಗಿದ ಮೇಲೆ ಅಂಚಿನ ಮರಳಿಗೆ ಹೆಬ್ಬೆರಳು ಒತ್ತುತ್ತಿದ್ದಳು. ಎರಕ ಆರಿದಾಗ ಅಲ್ಲೊಂದು ಪುಟ್ಟ ಉಬ್ಬು ನಿಂತಿರುತ್ತಿತ್ತು.

"ಇದೇನು ನಿನ್ನ ತಿಪ್ಪೆ ಅಂದ್ಕೊಂಡ್ಯಾ?" ಎಂದು ಸೂಪರ್‌ವೈಸರ್ ಪಟ್ಟಾಭಿರಾಮ ಅವಳ ಕೈಗೆ ಪೊರಕೆ ಕೊಟ್ಟ.

ಮಳೆಗಾಲ ಕಳೆದ ಮೇಲೆ ಫೌಂಡ್ರಿಗೆ ನೌಕಾಪಡೆಯ ವೈಸ್ ಅಡ್ಮಿರಲ್ ಒಬ್ಬರ ಪತ್ರ ಬಂತು. ಜೊತೆಗೆ, ರಾಷ್ಟ್ರಪತಿಗಳು ಅವರಿಗೆ ಬರೆದಿದ್ದ ಪತ್ರದ ನಕಲು. ಊಟದ ಹೊತ್ತಿನಲ್ಲಿ ಟೈಪಿಸ್ಟ್ ಭಾನುಮತಿ ಬೇವಿನ ಮರದ ಕೆಳಗೆ ಎರಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಬಿರುಗಾಳಿಗೆ ಸಿಕ್ಕ ಹಡಗೊಂದಕ್ಕೆ ನೀರು ನುಗ್ಗಿತ್ತಂತೆ. ಉಳಿದ ಪಂಪುಗಳೆಲ್ಲ ಕೈಕೊಟ್ಟರೂ ಒಂದು ಮಾತ್ರ ನಿಲ್ಲದೆ ಓಡಿ ಹಡಗನ್ನೂ ಜನರನ್ನೂ ಉಳಿಸಿತಂತೆ. ಅದರ ಮೇಲೊಂದು ಹೆಬ್ಬೆರಳಿನ ಉಬ್ಬಿದೆ, ನಾವಿಕರು ಈಗ ಕಾವಲಿಗೆ ಹೋಗುವಾಗ ಅದನ್ನು ಮುಟ್ಟಿಯೇ ಹೋಗುತ್ತಾರೆ ಎಂದು ಅಡ್ಮಿರಲ್ ದಿಲ್ಲಿಗೆ ಬರೆದಿದ್ದರು. ರಾಷ್ಟ್ರಪತಿಗಳು ಉತ್ತರಿಸಿದ್ದರು: "ಆ ಬೆರಳು ಯಾರದೆಂದು ಹುಡುಕಿಸಿ. ಹಡಗಿಗೆ ಹೆಸರಿದೆ, ಕಂಪನಿಗೂ ಹೆಸರಿದೆ. ಆ ಕೈಯ ಹೆಸರು ನನಗೆ ಬೇಕು. ಅವರಿಗೆ ನಾನೇ ನಮಸ್ಕಾರ ಬರೆಯುತ್ತೇನೆ."

ಕುಲುಮೆಯ ಆಂಜಿನಪ್ಪ ತುತ್ತು ಕೆಳಗಿಟ್ಟು ಕೂಗಿದ: "ಲೇ ಭದ್ರಿ, ನಿನ್ ಬೆರಣಿ ದಿಲ್ಲಿಗಂಟ ಓಯ್ತಲ್ಲೇ!"

"ನಿನ್ನಂಗೆ ಬಾಯಾಗ್ ತಟ್ಟಿದ್ದಲ್ಲ ಕಣಣ್ಣೋ, ಕೈಯಾಗ್ ತಟ್ಟಿದ್ದು," ಎಂದಳು ಭದ್ರಮ್ಮ. ಮರದ ಕೆಳಗಿನ ನಗು ಆಫೀಸಿನವರೆಗೆ ಕೇಳಿಸಿತು. ಮೊರದಗಲ ಎದೆ ಮಾಡಿಕೊಂಡು ಎದ್ದರು ಎಲ್ಲರೂ, ಗೌರವ ತಮಗೇ ಬಂದ ಹಾಗೆ. ಬಂದದ್ದೂ ತಮಗೇ ಅಲ್ಲವೇ?

ಸಂಜೆಗೆ ಪಟ್ಟಾಭಿರಾಮ ಭದ್ರಮ್ಮನನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಒಂದು ಕಾಗದ, ಪಕ್ಕದಲ್ಲಿ ಮಸಿಯ ಡಬ್ಬಿ. "ಏನು ಬರ್ದೈತವ್ವ?" ಎಂದು ಭದ್ರಮ್ಮ ಕೇಳಿದಳು. ಭಾನುಮತಿ ತಲೆ ಎತ್ತದೆ ಓದಿದಳು: "ಪಂಪಿನ ಮೇಲಿನ ಗುರುತು ಸೂಪರ್‌ವೈಸರ್ ಪಟ್ಟಾಭಿರಾಮ ಅವರದು. ನಾನು ಮರಳು ಹೊತ್ತವಳು ಮಾತ್ರ."

"ಮಾಲೀಕರ ಮರ್ಯಾದೆ ಪ್ರಶ್ನೆ ಕಣಮ್ಮ," ಎಂದ ಪಟ್ಟಾಭಿರಾಮ. "ಕಸ ಗುಡಿಸೋಳಿಗೆ ರಾಷ್ಟ್ರಪತಿಗಳು ಕಾಗದ ಬರೆದ್ರೆ ಚೆನ್ನಾಗಿರುತ್ತಾ?"

"ಗುಡ್ಸಾಕೆ ಆಕಿದ್ದು ಯಾರು ಸಾರ್?"

"ಅದಕ್ಕೇ ಹೇಳ್ತಿರೋದು. ಹೆಬ್ಬೆಟ್ಟು ಒತ್ತು, ನಾಳೆಯಿಂದ ಮತ್ತೆ ಅಚ್ಚಿಗೆ ಹಾಕ್ತೀನಿ. ಇಲ್ದಿದ್ರೆ ಗೇಟಿನಾಚೆ."

ಕಿಟಕಿಯಾಚೆ ಅಚ್ಚಿಗೆಂದು ಹದಮಾಡಿದ ಮರಳಿನ ರಾಶಿ ಕಪ್ಪಗೆ ಹೊಳೆಯುತ್ತಿತ್ತು. ಪೊರಕೆ ಹಿಡಿದ ದಿನದಿಂದ ಅವಳ ಅಂಗೈ ಅದಕ್ಕಾಗಿಯೇ ತುರಿಸುತ್ತಿತ್ತು. ಬಾಗಿಲಲ್ಲಿ ಆಂಜಿನಪ್ಪ ನಿಂತಿದ್ದ, ಅವನ ಬೆನ್ನಿಗೆ ಅಚ್ಚಿನವರು, ಕುಲುಮೆಯವರು.

"ಅವತ್ತು ಒತ್ತಿದ್ದಕ್ಕೆ ಪೊರಕೆ ಕೊಟ್ರಿ. ಇವತ್ತು ನೀವೇ ಒತ್ತು ಅಂತೀರ."

"ಮಾತು ಸಾಕು. ಒತ್ತು." ಪಟ್ಟಾಭಿರಾಮ ಮಸಿಯ ಡಬ್ಬಿಯನ್ನು ಅವಳತ್ತ ತಳ್ಳಿದ.

ಭದ್ರಮ್ಮ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು.

"ಒತ್ತಾಕಿಲ್ಲ ಸಾರ್."