ಬೊಲೋತ್ ಯಾರು?

ನೌರೂಜ್ ಹಬ್ಬ ಕಳೆದು ವಾರವಾಗಿತ್ತು. ಸರೋವರದ ದಡದ ಬಾಲಿಕ್ಚಿಯಲ್ಲಿ ಆ ದಿನಗಳ ಗಾಳಿ ಬೆಳಕು ಹರಿಯುವ ಮೊದಲೇ ಕಣಿವೆಯಿಂದ ಎದ್ದು ಬಂದು ತಗಡಿನ ಮಾಡುಗಳನ್ನು ಬಡಿಯುತ್ತದೆ. ಬೆಳಗಿನ ಚಹಾ ಇನ್ನೂ ಬಟ್ಟಲಿಗೆ ಬಿದ್ದಿರಲಿಲ್ಲ. ಒಲೆಗೆ ಕಲ್ಲಿದ್ದಲು ತರಲೆಂದು ಅಂಗಳಕ್ಕೆ ಇಳಿದ ತೆಮಿರ್‌ಕುಲ್, ಅಂಗಡಿಯ ಕಿಟಕಿಯೊಳಗಿಂದ ಸೊಸೆಯ ದನಿ ಕೇಳಿ, ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟ.

“ಬೊಲೋತ್‌ದು ಶುಕ್ರವಾರದೊಳಗೆ ಮುಗಿಸ್ತೀನಿ,” ಎನ್ನುತ್ತಿದ್ದಳು ಬುರುಲ್ ಫೋನಿನಲ್ಲಿ. “ಬೊಲೋತ್ ಒಂದು ಸಲ ಕೈ ಹಿಡಿದ್ರೆ ಸಾಕು, ನಮ್ಮ ದಿನಾನೇ ಬದಲಾಗತ್ತೆ. ಅತಾಗೆ ಈಗಲೇ ಬೇಡ. ಆಮೇಲೆ ಹೇಳಿದ್ರಾಯ್ತು.” ಆಮೇಲೆ ಒಂದು ನಗು.

ಅತಾ, ಅಂದರೆ ಅಪ್ಪ, ತಾನೇ. ಆದರೆ ಈ ಬೊಲೋತ್ ಯಾರು?

ತೆಮಿರ್‌ಕುಲ್ ಖಾಲಿ ಬಕೆಟ್ ಹಿಡಿದುಕೊಂಡೇ ಮನೆಯೊಳಗೆ ಹೋದ.

ಮಗ ಎರ್ನಿಸ್ ರಷ್ಯಾದಲ್ಲಿ ಕಟ್ಟಡ ಕಟ್ಟುವವರ ಜೊತೆ ಇದ್ದ. ಚಳಿಗಾಲದಲ್ಲಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮಗುವಿನ್ನೂ ಆಗಿರಲಿಲ್ಲ. ಬುರುಲ್ ಕೊಚ್ಕೋರಿನ ಹುಡುಗಿ. ಮಾವನೆದುರು ದನಿ ಎತ್ತಿದವಳಲ್ಲ, ಮಾವನ ಹೆಸರನ್ನು ಬಾಯಿಗೆ ತಂದವಳಲ್ಲ, ದಾರಿಯಲ್ಲಿ ಎದುರಾದರೆ ಬದಿಗೆ ಸರಿದು ತಲೆ ಬಾಗಿಸುವವಳು. ಅಂಥವಳು ಎಂದು ಇಡೀ ಬೀದಿ ಹೇಳುತ್ತಿತ್ತು. ಅಂಥವರನ್ನೇ ಹೆಚ್ಚು ಗಮನಿಸಬೇಕು ಎಂದು ಆ ಬೆಳಿಗ್ಗೆ ತೆಮಿರ್‌ಕುಲ್‌ಗೆ ಅನ್ನಿಸಿತು.

ಅಂಗಡಿ ಅವನದೇ. ಸರೋವರದಲ್ಲಿ ಸರಕು ದೋಣಿಗಳು ಓಡುತ್ತಿದ್ದ ಕಾಲದಲ್ಲಿ ಅವುಗಳ ಮೈಮೇಲೆ ಹೆಸರು ಬರೆಯುತ್ತಿದ್ದವನು ಅವನು. ದೋಣಿಗಳು ತುಕ್ಕು ಹಿಡಿದು ದಡ ಸೇರಿದ ಮೇಲೆ ಅಂಗಡಿ ಫಲಕ ಬರೆದ. ಈಗ ಕೆಲಸಗಾರರ ಜಾಕೆಟ್ಟುಗಳಿಗೆ ಕಂಪನಿಯ ಹೆಸರು ಹಾಕುವುದು. ಕಿತ್ತಳೆ ಬಣ್ಣದವು, ಹಳದಿ ಬಣ್ಣದವು, ಬೆಳಕು ಬಿದ್ದರೆ ಮಿನುಗುವ ಪಟ್ಟಿಯವು. ಕುಂಚಕ್ಕೆ ಅಲ್ಲಿ ಕೆಲಸವಿಲ್ಲ. ಬುರುಲ್ ಕಂಪ್ಯೂಟರಿನಲ್ಲಿ ಹೆಸರು ಒತ್ತುತ್ತಾಳೆ, ಯಂತ್ರ ತೆಳು ಹಾಳೆಯಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕೊರೆಯುತ್ತದೆ, ಅದನ್ನು ಬೆನ್ನಿನ ಮೇಲೆ ಹಾಸಿ ಬಿಸಿ ಹಲಗೆಯಡಿ ಒತ್ತಿದರೆ ಅಕ್ಷರ ನೆಟ್ಟಗಾಗಿ ಕೂರುತ್ತದೆ. ಮಿನುಗು ಪಟ್ಟಿಗೆ ಬಿಸಿ ತಾಗಬಾರದು, ತಾಗಿದರೆ ಸುಟ್ಟು ಕಪ್ಪಾಗುತ್ತದೆ. ಅಷ್ಟು ತೆಮಿರ್‌ಕುಲ್‌ಗೆ ಗೊತ್ತಿತ್ತು. ಉಳಿದದ್ದೆಲ್ಲ ಸೊಸೆಯ ಕೈಯಲ್ಲಿ.

ಚಹಾ ಕುಡಿಯುವಾಗ ಅವನು ಹೆಂಡತಿ ಉಲ್ಕಾನಳನ್ನು ಸುತ್ತು ಬಳಸಿ ಕೇಳಿದ.

“ಮುದುಕಿ, ನಿಂಗೆ ಬೊಲೋತ್ ಅಂತ ಯಾರಾದ್ರೂ ಗೊತ್ತಾ?”

ಉಲ್ಕಾನ ಬ್ರೆಡ್ಡಿನ ಚೂರನ್ನು ಕೆನೆಯಲ್ಲಿ ಅದ್ದಿದವಳು ಹಾಗೇ ನಿಂತಳು. ಕಣ್ಣು ಅರಳಿತು. “ಬೊಲೋತಾ? ಗೊತ್ತಿಲ್ದೆ ಏನು? ಈ ಊರಿಗೆಲ್ಲ ಒಬ್ಬನೇ ಬೊಲೋತ್. ಮಹಾ ಮೊಂಡ. ನನ್ನ ತಲೆ ತಿಂದು ತಿಂದು ಹಣ್ಣು ಮಾಡಿದ್ದಾನೆ.”

“ಮನೆಗೆ ಬರ್ತಾನಾ?”

“ಬರೋದೇನು, ಹೋದ್ರೆ ತಾನೇ ಬರೋದು!” ಎಂದು ನಕ್ಕು, ಬಾಯಿಗೆ ಸ್ಕಾರ್ಫಿನ ತುದಿ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಹಾಗಾದರೆ ಇವಳೂ ಸೇರಿದ್ದಾಳೆ. ತೆಮಿರ್‌ಕುಲ್‌ಗೆ ಚಹಾ ಕಹಿಯಾಯಿತು.

ಅವತ್ತಿನಿಂದ ಅವನು ಮಾತು ಕಡಿಮೆ ಮಾಡಿ ನೋಟ ಹೆಚ್ಚು ಮಾಡಿದ. ಸೊಸೆ ಗೇಟಿನ ತನಕ ಹೋದರೆ ಇವನು ಮಾಡಿನ ಮೊಳೆ ನೋಡುವ ನೆಪದಲ್ಲಿ ಏಣಿ ಹತ್ತುವನು. ಅವಳು ಹೊಸ ಸ್ಕಾರ್ಫ್ ಕಟ್ಟಿದರೆ, ಯಾರು ಕೊಟ್ಟದ್ದು? ಬೇಗ ಎದ್ದರೆ, ಯಾಕೆ? ತಡವಾಗಿ ಎದ್ದರೆ, ರಾತ್ರಿ ಯಾರ ಜೊತೆ ಮಾತು? ಅನುಮಾನ ಅನ್ನುವುದು ಹಾಗೇ, ಒಮ್ಮೆ ಮನೆಯೊಳಗೆ ಬಂದರೆ ಚಾಪೆ ಕೊಡದಿದ್ದರೂ ಕೂರುತ್ತದೆ. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಆಗಿಹೋಗುತ್ತಿತ್ತು. ಆದರೆ ಮಾವನಾದವನು ಸೊಸೆಯನ್ನು ಅಂಥ ಮಾತು ಕೇಳುವುದೆಂತು? ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳುವವರು ಯಾರು?

ಮಂಗಳವಾರ ಬುರುಲ್ ಅತ್ತೆಯ ಜೊತೆ ಬಜಾರಿಗೆ ಹೋದಾಗ ಅವನು ಅಂಗಡಿ ಹೊಕ್ಕ. ಮೇಜಿನ ಮೇಲೆ ಕೊರೆದ ಹಾಳೆಗಳು ಒಟ್ಟಿದ್ದವು. ಓಡುವ ಕುದುರೆಯ ಚಿತ್ರ, ಅದರ ಕೆಳಗೆ ತಿರುಗಾಮುರುಗಾ ಅಕ್ಷರ. ಒಂದನ್ನು ಎತ್ತಿ ಕಿಟಕಿಯ ಗಾಜಿಗೆ ಹಿಂದುಮುಂದಾಗಿ ಹಿಡಿದ. ಬಿಸಿಲು ಅಕ್ಷರಗಳ ಹಿಂದಿನಿಂದ ಬಂತು.

ಬೊಲೋತ್-ತುಲ್ಪಾರ್.

ಪಕ್ಕದಲ್ಲಿ ಅದೇ ಹೆಸರು ಹೊತ್ತ ಕಿತ್ತಳೆ ಜಾಕೆಟ್ಟುಗಳು ಎದೆಯೆತ್ತರ ಪೇರಿಸಿದ್ದವು. ಅಂದರೆ ಅವನು ಬರಿಯ ಗಂಡಸಲ್ಲ, ಕಂಪನಿ ಇರುವ ಗಂಡಸು. ಹೆಸರಿನ ಬಾಲಕ್ಕೆ ತುಲ್ಪಾರ್, ಕಥೆಗಳ ಹಾರುವ ಕುದುರೆ, ಬೇರೆ. ತನ್ನದೇ ಯಂತ್ರದಲ್ಲಿ, ತನ್ನದೇ ಮಾಡಿನ ಕೆಳಗೆ, ತನ್ನ ಮಗನ ಹೆಂಡತಿ ಯಾವನದೋ ಹೆಸರನ್ನು ಊರಿನ ಬೆನ್ನಿಗೆಲ್ಲ ಅಂಟಿಸುತ್ತಿದ್ದಾಳೆ!

ಅವನು ಅಂಗಳದ ಗೋಡೆಯ ಮರೆಗೆ ಹೋಗಿ ಕೊಚ್ಕೋರಿಗೆ, ಬುರುಲಳ ಅಣ್ಣ ಚೋರೊಗೆ ಫೋನ್ ಮಾಡಿದ.

“ಚೋರೊ, ಬಂದು ನಿನ್ನ ತಂಗಿನ ಕರ್ಕೊಂಡು ಹೋಗು.”

“ಹುಷಾರಿಲ್ವಾ ಅವಳಿಗೆ?”

“ಹುಷಾರಾಗೇ ಇದ್ದಾಳೆ. ಬಹಳ ಹುಷಾರಿದ್ದಾಳೆ.”

“ಏನಾಯ್ತು ಹೇಳಿ, ಹಿರಿಯರೇ.”

“ಬಾ. ನೀನೇ ನೋಡುವಿಯಂತೆ.” ಫೋನ್ ಇಟ್ಟ. ಉಲ್ಕಾನಳಿಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

ಶುಕ್ರವಾರ ನಮಾಜಿನ ಹೊತ್ತು ಕಳೆದ ಮೇಲೆ ಚೋರೊನ ಹಳೆಯ ಕಾರು ಗೇಟಿನ ಮುಂದೆ ನಿಂತಿತು. ಕುರಿ ಕಾಯುವವನ ಸುಟ್ಟ ಮುಖ, ಕೈಯಲ್ಲಿ ಏನೂ ಇಲ್ಲ. ತಂಗಿಯ ಮನೆಗೆ ಬರಿಗೈಯಲ್ಲಿ ಬರುವವನಲ್ಲ ಅವನು. ಬುರುಲ್ ಅಣ್ಣನನ್ನು ಕೂಗುತ್ತ ಅಂಗಡಿಯಿಂದ ಓಡಿ ಬಂದಳು.

“ಬೈಕೆ! ಒಂದು ಮಾತು ಹೇಳ್ದೆ ಬಂದ್ಬಿಟ್ರಲ್ಲ!”

ಅವನು ಅವಳ ಮುಖ ನೋಡಿ, ಆಮೇಲೆ ತೆಮಿರ್‌ಕುಲ್‌ನ ಮುಖ ನೋಡಿದ. ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಇಳಿದವನು ತಲೆಗೆ ಹೆಲ್ಮೆಟ್ ಇಟ್ಟ ಯುವಕ.

“ಬೊಲೋತ್ ಬಂದ್ರು!” ಎಂದಳು ಬುರುಲ್.

ತೆಮಿರ್‌ಕುಲ್‌ನ ಕೈ ತಾನಾಗಿ ಗೇಟಿನ ಅಗುಳಿಗೆ ಹೋಯಿತು. “ನೋಡು,” ಎಂದ ಚೋರೊಗೆ, ಹಲ್ಲು ಕಚ್ಚಿ. “ಇವನೇ. ಕಣ್ಣಾರೆ ನೋಡು.”

ಯುವಕ ಯಾವುದನ್ನೂ ಗಮನಿಸದೆ ಅಂಗಡಿ ಹೊಕ್ಕು ಮೇಲಿನ ಜಾಕೆಟ್ ಬಿಡಿಸಿ ಹಿಡಿದ. ಹುಬ್ಬು ಗಂಟಿಕ್ಕಿತು.

“ಅಕ್ಕಾ, ಯಾರದು ಇವು?”

“ನಿಮ್ದೇ. ರೈಲು ಹಳಿ ಹಾಕೋರದು.”

“ನಮ್ಮ ಕಂಪನಿ ತೆಮಿರ್-ತುಲ್ಪಾರ್. ಇಲ್ಲಿ ಬೊಲೋತ್-ತುಲ್ಪಾರ್ ಅಂತ ಇದೆ. ಯಾರ್ರೀ ಈ ಬೊಲೋತ್?”

ಅದೇ ಪ್ರಶ್ನೆಯನ್ನು ವಾರವಿಡೀ ಎದೆಯಲ್ಲಿ ಹೊತ್ತಿದ್ದ ತೆಮಿರ್‌ಕುಲ್ ಬೆಪ್ಪಾಗಿ ನಿಂತ. ಬುರುಲ್ ಜಾಕೆಟ್ ನೋಡಿದಳು, ಇನ್ನೊಂದನ್ನು ಎಳೆದು ನೋಡಿದಳು, ಮತ್ತೊಂದನ್ನು. ಎರಡೂ ಕೈ ಬಾಯಿಗೆ ಹೋದವು.

“ಅಯ್ಯೋ ಅಪಾ!” ಎಂದು ಕೂಗಿದಳು ಅತ್ತೆಯನ್ನು. “ನಾನೇ ಹಾಗೆ ಒತ್ಬಿಟ್ಟಿದ್ದೀನಿ!”

ಕೈ ಒರೆಸಿಕೊಳ್ಳುತ್ತ ಬಂದ ಉಲ್ಕಾನ ಜಾಕೆಟ್ ಓದಿ ಕಂಬ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ನಗೋದೇನು? ಬೊಲೋತ್ ಯಾರು?” ಎಂದು ಗದರಿದ ತೆಮಿರ್‌ಕುಲ್.

“ನೀನೇ ಕಣೋ ಮುದುಕ! ಇನ್ಯಾರು? ಮಾವನ ಹೆಸರು ಸೊಸೆ ಬಾಯಲ್ಲಿ ಬರಬಾರ್ದಲ್ಲ. ನೀನು ತೆಮಿರ್, ಕಬ್ಬಿಣ. ಅದಕ್ಕೆ ಅವಳಿಗೆ ಕಬ್ಬಿಣ ಅನ್ನೋದೆಲ್ಲ ಬೊಲೋತ್, ಉಕ್ಕು. ಕಬ್ಬಿಣದ ಒಲೆ ಉಕ್ಕಿನ ಒಲೆ, ಕಬ್ಬಿಣದ ಗೇಟು ಉಕ್ಕಿನ ಗೇಟು. ನಿನ್ನೆದುರು ಆಡಲ್ಲ ಅಷ್ಟೇ, ಬೀದಿಗೆಲ್ಲ ಗೊತ್ತು. ಅವತ್ತು ನೀನು ಕೇಳ್ದಾಗ ತಮಾಷೆಗೆ ಕೇಳ್ತಿದ್ದೀಯ ಅಂದ್ಕೊಂಡೆ.”

ಬುರುಲ್ ತಲೆ ತಗ್ಗಿಸಿ ಯುವಕನಿಗೆ ಹೇಳಿದಳು, “ಫೋನಲ್ಲಿ ನೀವು ಹೆಸರು ಹೇಳಿದ್ರಿ. ನಾನು ಮನಸಲ್ಲೂ ಹಾಗೆ ಅಂದ್ಕೊಳ್ಳಲ್ಲ. ಕೈಗೂ ಅದೇ ಬಂತು. ಓದಿದ್ರೂ ತಪ್ಪು ಅಂತ ಕಾಣ್ಲಿಲ್ಲ. ಭಾನುವಾರ ಬೆಳಿಗ್ಗೆ ಬನ್ನಿ, ಸರಿ ಮಾಡಿ ಕೊಡ್ತೀನಿ.” ಆಮೇಲೆ ಮಾವನ ಕಡೆ ಅರ್ಧ ತಿರುಗಿ, “ದೊಡ್ಡ ಕೆಲಸ ಸಿಕ್ಕಿದೆ ಅಂತ ಫೋನಲ್ಲಿ ಎರ್ನಿಸ್‌ಗೆ ಮಾತ್ರ ಹೇಳಿದ್ದೆ. ಮುಗಿದ ಮೇಲೆ ನಿಮಗೆ ಹೇಳಿ ಖುಷಿಪಡಿಸೋಣ ಅಂತಿದ್ದೆ, ಅತಾ.”

ಯುವಕನೂ ನಕ್ಕು, ತನ್ನ ಅಜ್ಜಿಯೂ ಹೀಗೇ ಎಂದು ಹೇಳಿ, ಗಾಡಿ ಹತ್ತಿ ಹೋದ. ನಗದೆ ಇದ್ದವನು ಚೋರೊ ಒಬ್ಬನೇ.

“ಹಿರಿಯರೇ, ಇದಕ್ಕಾ ನನ್ನನ್ನ ಕರೆಸಿದ್ದು? ‘ತಂಗಿನ ಕರ್ಕೊಂಡು ಹೋಗು’ ಅಂದ್ರಲ್ಲ, ಈ ಬೊಲೋತ್‌ಗಾಗಿಯಾ?”

ಉಲ್ಕಾನಳ ನಗು ಅಲ್ಲೇ ಕಡಿಯಿತು. ಬುರುಲ್ ಅಣ್ಣನ ಬರಿಗೈ ನೋಡಿದಳು. ನಿಧಾನವಾಗಿ ಎಲ್ಲವೂ ಅವಳ ಮುಖದ ಮೇಲೆ ಬಂದು ಕೂತಿತು: ಏಣಿ, ಮಾಡಿನ ಮೊಳೆ, ವಾರದಿಂದ ಬೆನ್ನಿಗೆ ತಾಗುತ್ತಿದ್ದ ಕಣ್ಣು.

“ನನ್ನನ್ನಾ?” ಎಂದಳು.

ಅವಳು ಅಂಗಡಿಗೆ ಹೋಗಿ ಯಂತ್ರ ಹಚ್ಚಿದಳು.

ಶನಿವಾರವಿಡೀ ಕೆಲಸ ನಡೆಯಿತು. ಒಮ್ಮೆ ಒತ್ತಿದ ಅಕ್ಷರ ಬಟ್ಟೆ ಬಿಡುವುದಿಲ್ಲ; ಬೊಲೋತ್ ಎಂದಿದ್ದಲ್ಲೆಲ್ಲ ಕಿತ್ತಳೆ ತೇಪೆ ಹಾಕಿ ಅದರ ಮೇಲೆ ತೆಮಿರ್ ಎಂದು ಒತ್ತಬೇಕು. ಬುರುಲ್ ಆ ಅಕ್ಷರಗಳನ್ನು ಒಂದೊಂದಾಗಿ ನೋಡಿಕೊಂಡು ಒತ್ತಿದಳು, ತುಟಿ ಬಿಗಿದುಕೊಂಡು. ತೆಮಿರ್‌ಕುಲ್ ಪಕ್ಕದಲ್ಲಿ ನಿಂತು ಜಾಕೆಟ್ ಎತ್ತಿ ಕೊಟ್ಟ, ಒತ್ತಿದ್ದನ್ನು ಮಡಿಸಿ ಇಟ್ಟ. ಯಾರೂ ಹೇಳಿರಲಿಲ್ಲ, ತಾನಾಗಿ ಬಂದು ನಿಂತಿದ್ದ.

ಮಧ್ಯಾಹ್ನದ ಹೊತ್ತಿಗೆ ಅವನು ಬಾಯಿ ತೆರೆದ. “ನನ್ನ ಹೆಸರು ಹೇಳು, ಮಗಳೇ. ನಾನೇ ಒಪ್ಪಿಗೆ ಕೊಡ್ತಿದ್ದೀನಿ. ಇನ್ಮೇಲೆ ಈ ಕಟ್ಟು ಬೇಡ.”

ಅವಳು ಬಿಸಿ ಹಲಗೆ ಎತ್ತಿದಳು. ಹಬೆ ಇಬ್ಬರ ನಡುವೆ ಎದ್ದಿತು.

“ಹೆಸರಲ್ಲೇನಿದೆ, ಅತಾ. ನೀವು ಒಂದು ಮಾತು ಕೇಳಬಹುದಿತ್ತು.”

ಅವನು ಕೇಳಬಹುದಿತ್ತು. ಜಾಕೆಟ್ ಮಡಿಸುತ್ತ ಆ ಮಾತನ್ನು ಒಳಗೆ ಹಲವು ಸಲ ಹೇಳಿಕೊಂಡ. ಹೊರಗೆ ಮಾತ್ರ ಬರಲಿಲ್ಲ. ಕ್ಷಮಿಸು ಅನ್ನುವ ಮಾತಿಗೂ ಅವನ ನಾಲಿಗೆಯಲ್ಲಿ ಅಭ್ಯಾಸವಿರಲಿಲ್ಲ.

ಮರುದಿನ ಬೆಳಿಗ್ಗೆ ಹಳಿಯವರು ಬಂದು ಎಲ್ಲವನ್ನೂ ಒಯ್ದರು. ಉಲ್ಕಾನ ಅಳುತ್ತ, ಹೊರಡುವವರು ಚೂರಾದರೂ ಬಾಯಿಗಿಡಲೆಂದು, ಬ್ರೆಡ್ ತಂದು ಬಾಗಿಲಲ್ಲಿ ಹಿಡಿದಳು. ತಂಗಿಯ ಕೆಲಸ ಮುಗಿಯುವ ತನಕ ಊರಲ್ಲೇ ಬೇರೆ ಕಡೆ ಉಳಿದಿದ್ದ ಚೋರೊ ಚೂರು ಮುರಿದು ಬಾಯಿಗಿಟ್ಟ, ಒಳಗೆ ಕೂರಲಿಲ್ಲ. ಅಂಗಡಿಯ ಬೀಗದ ಕೈಯನ್ನು ಬುರುಲ್ ಮಾವನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟಳು. ಯಾವಾಗ ಬರ್ತೀಯ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಗಾಳಿ ಆ ದಿನ ಸ್ವಲ್ಪ ತಗ್ಗಿತ್ತು. ಬುರುಲ್ ಅಣ್ಣನ ಕಾರಿನಲ್ಲಿ ಕೊಚ್ಕೋರಿಗೆ ಹೊರಟುಹೋದಳು, ಅದು ಭಾನುವಾರ.