ಅಮಾವಾಸ್ಯೆಗೆ ಹೋದ ಡೇರೆ ಹೂ

ನಮ್ಮ ಮಾವ ವಾಮದೇವಪ್ಪನವರ ಲೆಕ್ಕದಲ್ಲಿ ಹೂವಿಗೆ ಎರಡೇ ಜಾತಿ. ಒಂದು ಲಿಂಗಪೂಜೆಗೆ ಆಗುವುದು, ಇನ್ನೊಂದು ಹೆಂಗಸರ ಮುಡಿಗೆ ಆಗುವುದು. ನಾನು ಬೆಳೆಸುತ್ತಿದ್ದ ಡೇರೆ ಹೂ ಎರಡಕ್ಕೂ ಸೇರಲಿಲ್ಲ. ಅದಕ್ಕೆ ವಾಸನೆಯಿಲ್ಲ, ಮಾಲೆಗೆ ಬರುವುದಿಲ್ಲ, ಮುಡಿದರೆ ತಲೆಗಿಂತ ಹೂವೇ ದೊಡ್ಡದು. ಹರಿಹರದ ನಮ್ಮ ಮನೆಯ ಮುಂದೆ, ಕಾಂಪೌಂಡ್ ಗೋಡೆಯ ಉದ್ದಕ್ಕೂ ಇದ್ದ ಮಣ್ಣಿನ ಪಾತಿಯಲ್ಲಿ ಅದು ಸುಮ್ಮನೆ ಅರಳಿಕೊಂಡು ನಿಂತಿರುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ಉರಿಯಲು ಬೇರೆ ಕಾರಣವೂ ಇತ್ತು. ದಾವಣಗೆರೆ ಜಿಲ್ಲೆಯಾದ ವರ್ಷವೇ ಮಾವ ಮಾರುತಿ ವ್ಯಾನ್ ಬುಕ್ ಮಾಡಿದ್ದರು. ಅಕ್ಕಿ ವ್ಯಾಪಾರ ಕೈ ಹಿಡಿದಿತ್ತು, ವ್ಯಾನ್ ಬರುವುದು ಖಾತ್ರಿಯಾಗಿತ್ತು, ನಿಲ್ಲಿಸಲು ಜಾಗ ಮಾತ್ರ ಇರಲಿಲ್ಲ. ಜಾಗ ಎಂದರೆ ನನ್ನ ಪಾತಿ.

"ಅದನ್ನ ಕಿತ್ತು ಕಾಂಕ್ರೀಟ್ ಹಾಕಿಸಿಬಿಡಾಣ," ಎಂದರು ಒಂದು ಸಂಜೆ. "ಗಿಡ ಬೇಕಂದ್ರೆ ಹಿತ್ತಲದಾಗ ಕುಂಡ ಇಟ್ಕಳವ್ವ. ಯಾರು ಬ್ಯಾಡ ಅಂತಾರೆ?"

"ಕುಂಡದಾಗ ಗೆಡ್ಡೆಗೆ ಜಾಗ ಸಾಲಲ್ಲ ಮಾವ. ಹೂ ಸಣ್ಣದಾಗ್ತೈತೆ."

"ದೊಡ್ಡದಾಗಿ ಏನಾಗ್ಬೇಕೈತೆ?"

"ದಾವಣಗೆರೆ ಹೂವಿನ ಪ್ರದರ್ಶನಕ್ಕೆ ಇಡ್ತೀನ್ರಿ. ಬಹುಮಾನ ತರ್ತೀನಿ."

ನನ್ನ ನಾಲಿಗೆ ನನಗಿಂತ ಮುಂದೆ ಓಡುವುದು ಹೊಸದೇನಲ್ಲ. ಪ್ರದರ್ಶನಕ್ಕೆ ಹೂ ಇಡುವ ಯೋಚನೆ ಆ ಕ್ಷಣದವರೆಗೆ ನನ್ನ ತಲೆಯಲ್ಲೇ ಇರಲಿಲ್ಲ. ಮಾವ ಜೋರಾಗಿ ನಕ್ಕರು. ಎದುರಿಗೆ ಕೂತಿದ್ದ ಇಬ್ಬರು ವ್ಯಾಪಾರಸ್ಥರು ಕೇಳುವಂತೆಯೇ, "ತಂದ್ರೆ ಜಾಗ ನಿಂದು. ತರ್ಲಿಲ್ಲ ಅಂದ್ರೆ ಮರುದಿನ ಗಾರೆ ಬಂಗಾರಪ್ಪ ಬರ್ತಾನೆ. ಮಾತು ಅಂದ್ರೆ ಮಾತು," ಎಂದುಬಿಟ್ಟರು. ನಾನೂ ಹೂಂ ಅಂದೆ.

ಅತ್ತೆ ಅಕ್ಕನಾಗಮ್ಮ ಆ ಹೊತ್ತಿಗೆ ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದರು. ವಾಪಸ್ ಬಂದಾಗ ಪ್ರದರ್ಶನದ ಸುದ್ದಿ ಅವರ ಕಿವಿಗೆ ಬಿತ್ತು, ಪಂದ್ಯದ ಸುದ್ದಿ ಬೀಳಲಿಲ್ಲ. ಅದನ್ನು ಹೇಳಬೇಕಾದವರು ನನ್ನ ಯಜಮಾನರು. ಅಪ್ಪನಿಗೂ ಹೆಂಡತಿಗೂ ನಡುವೆ ಏನಾದರೂ ಶುರುವಾದರೆ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುವುದು ಕೊಟ್ಟೂರೇಶ್ ಅವರ ಪದ್ಧತಿ.

ಪ್ರದರ್ಶನಕ್ಕೆಂದು ಹೊಸ ಗೆಡ್ಡೆ ತಂದದ್ದು ದಾವಣಗೆರೆಯ ಮಸ್ತಾನಸಾಬರ ನರ್ಸರಿಯಿಂದ. "ಬಹುಮಾನ ಬೇಕಂದ್ರೆ ಒಂದು ಗಿಡಕ್ಕೆ ಒಂದೇ ಹೂ ಅಕ್ಕಾ," ಎಂದಿದ್ದರು ಅವರು. "ಪಕ್ಕದ ಮೊಗ್ಗು ಕಂಡ ಕೂಡ್ಲೆ ಚಿವುಟ್ರಿ. ರಹಮ್ ತೋರಿಸ್ಬ್ಯಾಡ್ರಿ."

ನಾನು ತೋರಿಸಲಿಲ್ಲ. ಶೇಂಗಾ ಹಿಂಡಿ ನೆನೆಸಿ ಹಾಕಿದೆ, ಪ್ರತಿ ಗಿಡಕ್ಕೂ ಕೋಲು ನೆಟ್ಟು ಹಳೆ ಸೀರೆಯ ಅಂಚಿನಿಂದ ಕಟ್ಟಿದೆ. ಪಾತಿಯ ಗಿಡಗಳಲ್ಲಿ ತುದಿಯ ಮೊಗ್ಗೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಚಿವುಟಿದೆ. ಒಂದಕ್ಕೆ ಹುಳ ಬಿತ್ತು, ಇನ್ನೊಂದು ಅರೆಬರೆ ಅರಳಿ ಸೊಟ್ಟಗಾಯಿತು. ಕೊನೆಗೆ ನಂಬಿಕೆ ಇಡುವಂಥದ್ದು ಒಂದೇ ಉಳಿಯಿತು, ಗೇಟಿನ ಪಕ್ಕದ ಕಡುಗೆಂಪಿನದು. ಮಿಕ್ಕ ಗೆಡ್ಡೆಗಳನ್ನು ಹಿತ್ತಲಿನ ಕುಂಡಗಳಲ್ಲಿ ಹೂತಿದ್ದೆ, ಅವುಗಳ ಗೋಜಿಗೆ ಹೋಗಲಿಲ್ಲ. ಅವು ತಮ್ಮ ಪಾಡಿಗೆ ಕವಲೊಡೆದು ಸಣ್ಣ ಸಣ್ಣ ಹೂ ಬಿಟ್ಟುಕೊಂಡಿದ್ದವು.

ಮೊದಮೊದಲು ಅತ್ತೆ ಗೊಣಗಿದರು. "ಮೊಗ್ಗು ಚಿವುಟಿದ್ರೆ ಪಾಪ ಬರ್ತೈತವ್ವ. ಗಿಡ ಶಾಪ ಹಾಕ್ತೈತೆ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡುಗೆಂಪಿನ ಮೊಗ್ಗು ಬಿರಿಯತೊಡಗಿದಾಗ ಮಾವನ ಹಳೆ ಧೋತರದ ತುಂಡೊಂದನ್ನು ಒಗೆದು, ನಾಲ್ಕು ಕೋಲಿನ ಮೇಲೆ ಚಪ್ಪರದ ಹಾಗೆ ಕಟ್ಟಿ ಇಬ್ಬನಿಗೂ ಬಿಸಿಲಿಗೂ ಮರೆ ಮಾಡಿದೆ. ಒಂದು ಬೆಳಿಗ್ಗೆ ಅತ್ತೆ ಅದರೊಳಗೆ ಕೈ ಹಾಕಲು ಹೋದರು. "ಮುಟ್ಬ್ಯಾಡ್ರಿ ಅತ್ತೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವರು ಸಿಟ್ಟಾಗಲಿಲ್ಲ, ಕೈ ಹಿಂದೆಗೆದುಕೊಂಡರು. ಅಂದಿನಿಂದ ಪೂಜೆಗೆ ಹೂ ಬಿಡಿಸುವಾಗ ಆ ಗಿಡಕ್ಕೆ ಸೆರಗು ತಾಗದಂತೆ ಸುತ್ತು ಹಾಕಿ ನಡೆಯುತ್ತಿದ್ದರು. ನನ್ನ ಬಾಯಿಗೆ ಹೆದರಿದ್ದಾರೆ ಎಂದುಕೊಂಡು ಒಳಗೊಳಗೇ ಬೀಗಿದೆ.

ಪ್ರದರ್ಶನದ ಹಿಂದಿನ ದಿನ ಅಮಾವಾಸ್ಯೆ. ಬೆಳಿಗ್ಗೆ ಎದ್ದು ಬಟ್ಟೆ ಸರಿಸಿದರೆ ಹೂವಿಲ್ಲ.

ಗಿಡ ಇತ್ತು. ಕೋಲು ಇತ್ತು. ನೆಟ್ಟಗೆ ನಿಂತ ಕಾಂಡವೂ ಪೂರ್ತಿ ಇತ್ತು. ಮೇಲಿನ ಹೂವೊಂದನ್ನು ಮಾತ್ರ ಕುತ್ತಿಗೆಗೆ ಸರಿಯಾಗಿ ಕೊಯ್ದಿದ್ದರು. ಕಳ್ಳರು ಹಾಗೆ ಕೊಯ್ಯುವುದಿಲ್ಲ, ಪೂಜೆಗೆ ಬಿಡಿಸುವವರು ಕೊಯ್ಯುತ್ತಾರೆ. ದೇವರ ತಲೆಯ ಮೇಲೆ ಕೂರುವ ಹೂವಿಗೆ ಕಾಂಡ ಬೇಡ. ಪ್ರದರ್ಶನಕ್ಕೆ ಮೊಳದುದ್ದ ಕಾಂಡವಿರಬೇಕು, ಇಲ್ಲದ ಹೂವನ್ನು ಮೇಜಿನ ಮೇಲೇ ಇಡಿಸುವುದಿಲ್ಲ.

"ಅತ್ತೆ ಎಲ್ಲಿ?" ಎಂದೆ.

"ಪಕ್ಕದ್ಮನಿ ಉಚ್ಚೆಂಗೆಮ್ಮನ ಜತಿ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋದ್ಳು. ಮೊದಲ್ನೇ ಬಸ್ಸಿಗೆ," ಎಂದರು ಯಜಮಾನರು, ಪೇಪರ್ ಹಿಂದಿನಿಂದ.

"ಸ್ಕೂಟರ್ ತೆಗೀರಿ."

"ಹೋಗಿ ಏನು ಮಾಡ್ತಿ? ಹೂವೇನು ವಾಪಸ್ ಅಂಟಿಸಾಕ ಬರ್ತೈತಾ?"

"ಹೂವಿಗಲ್ಲ, ಜಗಳಕ್ಕೆ ಹೋಗಾದು. ತೆಗೀರಿ!"

ದಾರಿಯುದ್ದಕ್ಕೂ ನಾನು ಮಾತುಗಳನ್ನು ಮಸೆಯುತ್ತ ಕೂತಿದ್ದೆ. ಉಕ್ಕಡಗಾತ್ರಿ ಮುಟ್ಟಿದಾಗ, ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬರುವವರ ನಡುವೆ ಸ್ಕೂಟರ್ ಮುಂದೆ ಹೋಗಲಾರದೆ ನಿಂತಿತು. ಯಜಮಾನರು ಅಲ್ಲೇ ಉಳಿದರು. ಕರಿಬಸವೇಶ್ವರ ಅಜ್ಜಯ್ಯನ ಗುಡಿಯ ಮುಂದಿನ ಪಾಳಿಯಲ್ಲಿ ಅತ್ತೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ನನ್ನ ಹೂವೊಂದೇ ಇತ್ತು. ಪಾಳಿಯ ಜನವೆಲ್ಲ ಕತ್ತು ಚಾಚಿ ಅದನ್ನೇ ನೋಡುತ್ತಿದ್ದರು.

ನನ್ನನ್ನು ಕಂಡದ್ದೇ ಅತ್ತೆಯ ಮುಖ ಊರಗಲವಾಯಿತು. "ಬಂದ್ಯೇನವ್ವ! ಭಾಳ ಚಲೋ ಆತು. ತಗಾ, ನಿನ್ನ ಮೀಸಲು ನೀನೇ ಏರಿಸು," ಎಂದು ತಟ್ಟೆಯನ್ನು ನನ್ನ ಕೈಗಿಟ್ಟರು.

"ಯಾವ ಮೀಸಲ್ರಿ?"

"ನಂಗೇನು ಗೊತ್ತಾಗಲ್ಲ ಅಂದ್ಕಂಡ್ಯಾ? ಕುಂಡದವು ಪ್ರದರ್ಶನಕ್ಕೆ, ನೆಲದ್ದು ದೇವರಿಗೆ. ಗಿಡಕ್ಕೊಂದೇ ಮೊಗ್ಗು ಬಿಟ್ಟಿ, ಮಡಿ ಬಟ್ಟೆ ಮುಚ್ಚಿದಿ, ನನ್ನ ಕೈನೂ ತಾಗಿಸ್ಗೊಡಲಿಲ್ಲ. ಹೊಸ ಜೋಳ ಬಂದಾಗ ನಾವೂ ಹಿಂಗೇ ಅಲ್ವಾ ಮೀಸಲು ತೆಗೆದಿಡಾದು? ನಾಳಿನ ಪ್ರದರ್ಶನದ ಓಡಾಟದಾಗ ಇವತ್ತಿನ ಅಮಾಸೆ ತಪ್ಪಿಹೋದೀತು ಅಂತ ನಾನೇ ತಂದೆ."

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುತ್ತಲಿನ ಹೆಂಗಸರು ಆಗಲೇ ನನಗೆ ಕೈ ಮುಗಿಯುವ ತಯಾರಿಯಲ್ಲಿದ್ದರು. ಆದರೆ ಆ ಹೂವಿನ ಮೇಲೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಮೀಸಲಲ್ಲ ಅತ್ತೆ. ದೇವರಿಗೆ ಅಂತ ಬೆಳೆಸಿಲ್ಲ. ಅದು ಚಂದ ಐತೆ ಅಂತ ಬೆಳೆಸೀನಿ. ನಾಲ್ಕು ಜನ ನೋಡ್ಲಿ ಅಂತ." ಆಮೇಲೆ ಪಂದ್ಯ, ವ್ಯಾನ್, ಕಾಂಕ್ರೀಟ್, ಮೊಳದುದ್ದ ಕಾಂಡ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಜಗಳಕ್ಕೆಂದು ಹೋಗಿ ಅತ್ತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಅತ್ತೆ ನನ್ನ ಕೈಯಲ್ಲಿದ್ದ ತಟ್ಟೆಯನ್ನೇ ನೋಡಿದರು. ಪಾಳಿ ಸರಿಯಿತು, ಹಿಂದಿನವರು ತಳ್ಳಿದರು.

"ಬರೇ ನೋಡಾಕ ಅಂತ ಇಷ್ಟು ಮಾಡಿದ್ಯಾ?"

"ಹೂನ್ರಿ."

"ನಾನೂ ದಿನಾ ನಸುಕಿನಾಗ ಬಟ್ಟೆ ಸರಿಸಿ ನೋಡ್ತಿದ್ದೆ. ಮುಟ್ತಿರ್ಲಿಲ್ಲ," ಎಂದರು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಗದ್ದುಗೆಯ ಮುಂದೆ ಅವರ ತುಟಿ ಅಲುಗಿದ್ದು ಕಂಡಿತು, ಗದ್ದಲದಲ್ಲಿ ಮಾತು ಕೇಳಲಿಲ್ಲ. ಹೊರಗೆ ಬಂದವರೇ ನನ್ನ ಹಣೆಗೆ ವಿಭೂತಿ ಹಚ್ಚಿ ಬಸ್ಸಿನ ಕಡೆ ನಡೆದರು.

ನಾನು ಪ್ರದರ್ಶನ ಬಿಡಲಿಲ್ಲ. ಮರುದಿನ ಹಿತ್ತಲಿನ ಕುಂಡಗಳಲ್ಲಿ ಚೆನ್ನಾಗಿದ್ದುದನ್ನು ಆರಿಸಿ, ಒಣಗಿದ ಎಲೆ ತೆಗೆದು, ಕುಂಡಕ್ಕೆ ಕೆಮ್ಮಣ್ಣು ಬಳಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ಹೋದೆ. ಕುಂಡದ ವಿಭಾಗದಲ್ಲಿ ಸಂಜೆಯವರೆಗೂ ಅದರ ಪಕ್ಕ ನಿಂತೆ. ತೀರ್ಪುಗಾರರು ಬಂದರು, ಬಗ್ಗಿ ನೋಡಿದರು, ಮುಂದೆ ಹೋದರು. ಬಿಡಿ ಹೂವಿನ ಮೇಜಿನಲ್ಲಿ ಮೊದಲ ಬಹುಮಾನ ಪಡೆದ ಡೇರೆ ನನ್ನದರ ಮುಕ್ಕಾಲು ಭಾಗವೂ ಇರಲಿಲ್ಲ. ಅದನ್ನು ಬೆಳೆಸಿದವರನ್ನು ಹುಡುಕಿ, ಯಾವ ಗೊಬ್ಬರ ಹಾಕಿದ್ದರು ಎಂದು ಕೇಳಿಕೊಂಡೇ ಬಂದೆ.

ಅದರ ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಮರಳು, ಜಲ್ಲಿ ಬಿದ್ದಿತ್ತು. ಬಂಗಾರಪ್ಪ ಸನಿಕೆ ಹಿಡಿದು ಮಾವನ ಅಪ್ಪಣೆಗೆ ಕಾಯುತ್ತಿದ್ದ. ನಾನು ಚಪ್ಪಲಿ ಬಿಟ್ಟು ಪಾತಿಯ ನಡುವೆ ಹೋಗಿ ನಿಂತೆ.

"ಮಾವ, ಬಹುಮಾನ ಬಂದಿಲ್ಲ. ಸೋತೀನಿ. ಮಾತಿಗೆ ತಪ್ಪಿದೋಳು ಅಂತ ಬೇಕಾದ್ರೆ ಊರಿಗೆಲ್ಲ ಹೇಳ್ರಿ. ಜಾಗ ಮಾತ್ರ ಬಿಡಲ್ಲ."

"ಮಾತು ಅಂದ್ರೆ ಮಾತು," ಎಂದರು ಮಾವ. ದನಿಯಲ್ಲಿ ನಗುವಿರಲಿಲ್ಲ. "ಈಚೆ ಬಾ ವಾಣಿ. ಆಳಿನ ಮುಂದ ಮರ್ಯಾದಿ ಕಳೀಬ್ಯಾಡ."

ಆಗ ಅತ್ತೆ ಪೂಜೆ ಮುಗಿಸಿ ಹೊರಗೆ ಬಂದರು. ಅವರು ಗಂಡನೆದುರು ದನಿಯೆತ್ತಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಅವತ್ತೂ ಅವರು ದನಿಯೆತ್ತಲಿಲ್ಲ.

"ನೀವೊಂದು ಮಾತು ಕೊಟ್ಟೀರಿ. ನಾನೂ ಒಂದು ಕೊಟ್ಟು ಬಂದೀನಿ. ವರ್ಷ ವರ್ಷ ಈ ಮಣ್ಣಿನ ಮೊದಲ್ನೇ ಹೂ ನಿಂದು ಅಂತ ಅಜ್ಜಯ್ಯಗೆ ಹೇಳೀನಿ. ಇನ್ನ ಕಾಂಕ್ರೀಟ್ ಹಾಕಿಸ್ರಿ. ಹಾಕಿಸಿ, ಮುಂದಿನ ಅಮಾಸೆಗೆ ನೀವೇ ಹೋಗಿ ಅವಂಗೆ ಉತ್ತರ ಕೊಟ್ಟು ಬರ್ರಿ."

ಬಂಗಾರಪ್ಪ ಸನಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ. ಮಾವ ಮರಳಿನ ಗುಡ್ಡೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಪಾತಿಯಲ್ಲಿ ಬರಿಗಾಲಲ್ಲಿ ನಿಂತ ನನ್ನನ್ನು ನೋಡಿದರು. ಕೊನೆಗೆ, "ಆ ಮರಳು ಹಿತ್ತಲಕ್ಕೆ ಹಾಕಪ್ಪ," ಎಂದು ಒಳಗೆ ಹೋದರು.

ನಾನು ಅತ್ತೆಯ ಕೈ ಹಿಡಿದುಕೊಳ್ಳಲು ಹೋದೆ. ಅವರು ಬಿಡಿಸಿಕೊಂಡರು.

"ಕೈ ಹಿಡಿಯಾದು ಆಮೇಲೆ. ಮೊದಲ್ನೇ ಹೂ ಅವಂದು. ಎರಡ್ನೇದು ದಾವಣಗೆರೆಗೆ. ಬರೋ ವರ್ಷ ನಿಮ್ಮ ಮಾವನ ಮುಂದ ಬಹುಮಾನ ತಂದಿಡದಿದ್ರೆ, ನನ್ನ ಸೊಸೆ ಅಂತ ಎಲ್ಲೂ ಹೇಳ್ಕಬ್ಯಾಡ."